ತಕ್ಕಡಿಯಲ್ಲಿ ಬೂಸಾ

ಕೃತಕ ಬುದ್ಧಿಮತ್ತೆಯ ಕಲಿಕಾ ಸಾಧನ ಯಾವ ಪ್ರಶ್ನೆಗೂ ಒಂದೇ ಉತ್ತರ ಕೊಡಬಾರದು, ಹಲವು ದೃಷ್ಟಿಕೋನಗಳನ್ನು ವಿದ್ಯಾರ್ಥಿಯ ಮುಂದಿಡಬೇಕು ಎನ್ನುತ್ತಾರೆ. ಒಳ್ಳೇ ಮಾತೇ. ಒಂದೇ ದನಿಯ ಪಠ್ಯಪುಸ್ತಕ ಓದಿ ಬೆಳೆದ ನಾವು ಬೇಡ ಅನ್ನೋಕಾಗಲ್ಲ. ಆದರೆ ದೃಷ್ಟಿಕೋನಗಳನ್ನು ಸಾಲಾಗಿ ಜೋಡಿಸಿದ ಮಾತ್ರಕ್ಕೆ ಬಹುತ್ವ ಬಂದುಬಿಡುತ್ತದೆಯೇ ಎಂಬುದು ನನ್ನ ಪ್ರಶ್ನೆ.

1973ರ ಬೂಸಾ ಪ್ರಕರಣವನ್ನೇ ತೆಗೆದುಕೊಳ್ಳೋಣ. ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಗಲಭೆಯೆದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಇದನ್ನು ಯಂತ್ರವು ಕೆಲವರಿಗೆ ಭಾಷೆಗಾದ ಅವಮಾನ, ಕೆಲವರಿಗೆ ದಿಟ್ಟ ವಿಮರ್ಶೆ ಅಂತ ತಕ್ಕಡಿ ಸಮ ಮಾಡಿ ಕೊಟ್ಟರೆ, ಏಟು ತಿಂದವರು ಎಲ್ಲಿ ಹೋದರು? ಬೂಸಾ ಎಂಬುದು ಅಭಿಪ್ರಾಯ. ಹಲ್ಲೆ ಅಭಿಪ್ರಾಯ ಅಲ್ಲ, ನಡೆದದ್ದು. ಅದನ್ನು ಮರೆಸಿದರೆ ದಲಿತ ಸಂಘರ್ಷ ಸಮಿತಿ ಯಾಕೆ ಹುಟ್ಟಿತು ಅನ್ನೋದೇ ವಿದ್ಯಾರ್ಥಿಗೆ ತಿಳಿಯಲ್ಲ.

ಇನ್ನೊಂದು ತೊಡಕಿದೆ. ಇಂಥ ಯಂತ್ರ ಮುಖ್ಯವಾಗಿ ಬರಹದಿಂದ ಕಲಿಯುತ್ತದೆ. ಅಕ್ಷರದಿಂದ ದೂರವಿಡಲಾದವರ ಚರಿತ್ರೆ ಎಷ್ಟೋ ಪಾಲು ಸಭೆಯ ಮಾತಿನಲ್ಲಿ, ಹೋರಾಟದ ಹಾಡಿನಲ್ಲಿ, ಹರಿದ ಕರಪತ್ರದಲ್ಲಿದೆ. ಹೆಚ್ಚು ಬರೆದವರ ಮಾತೇ ಅಲ್ಲಿ ಎಲ್ಲರ ಮಾತಾಗುವ ಅಪಾಯವಿದೆ.

ಆದ್ದರಿಂದ ಸಾಧನವು ನಡೆದದ್ದನ್ನೂ ಅಭಿಪ್ರಾಯವನ್ನೂ ಬೇರೆ ಮಾಡಲಿ. ಯಾವ ಮಾತನ್ನು ಯಾರು, ಎಲ್ಲಿ ನಿಂತು ಆಡಿದರು ಅಂತ ಹೇಳಲಿ. ಯಾರ ದನಿ ತನ್ನಲ್ಲಿಲ್ಲವೋ ಅದನ್ನು ಒಪ್ಪಿಕೊಳ್ಳಲಿ. ಇದನ್ನೆಲ್ಲ ನಿರ್ಧರಿಸುವ ಜಾಗದಲ್ಲಿ ದಲಿತರು ಮೊದಲ ದಿನದಿಂದಲೇ ಇರಬೇಕು. ಕಟ್ಟಿ ಮುಗಿದ ಮೇಲೆ ಕರೆದು, ಹೇಗಿದೆ ಅಂತ ಕೇಳಿದರೆ ಸಾಲದು.