‘ಕೆರೆಗೆ ಹಾರ’ದ ಕೊನೆ

‘ಕೆರೆಗೆ ಹಾರ’ ಹಾಡಿದಾಗ ಡೊಂಬಿವಲಿ-ಕಲ್ಯಾಣದ ಕನ್ನಡಿಗರಾದ ನಾವು ಭಾಗೀರಥಿಯ ತ್ಯಾಗವನ್ನು ಕೊಂಡಾಡಿ ಕಣ್ಣೊರೆಸಿಕೊಳ್ಳುತ್ತೇವೆ. ಅಷ್ಟಕ್ಕೇ ನಿಲ್ಲಬಹುದೆ?

ಜಪಾನಿನಲ್ಲಿ 1576ರಲ್ಲಿ ಕಟ್ಟತೊಡಗಿದ ಮಾರುಓಕ ಕೋಟೆಗೂ ಇಂಥದೇ ಐತಿಹ್ಯವಿದೆ. ಗೋಡೆ ನಿಲ್ಲಲೆಂದು ಬಡತಾಯಿ ಒಶಿಜು ಬಲಿಯಾದಳು. ಮಗನನ್ನು ಸಮುರಾಯಿ ಮಾಡಬೇಕೆಂಬುದು ಅವಳ ಕರಾರು. ಕೊಟ್ಟ ಮಾತು ನಡೆಯಲಿಲ್ಲ. ವರ್ಷವರ್ಷವೂ ವಸಂತದ ಮಳೆಗೆ ಕಂದಕ ಉಕ್ಕಿತು. ಜನ ಅದನ್ನು ಅವಳ ಕಣ್ಣೀರೆಂದರು. ಕೋಟೆಯಲ್ಲಿ ಅವಳ ಸ್ಮಾರಕವೂ ಇದೆ.

ನಮ್ಮ ಭಾಗೀರಥಿ ಏನನ್ನೂ ಬೇಡಲಿಲ್ಲ. ತವರಿನವರಿಗೂ ನಿಜ ಹೇಳಲಿಲ್ಲ. ಕೆರೆ ತುಂಬಿತು, ಊರು ತಣಿಯಿತು. ಹಾಡು ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ದಂಡಿನಿಂದ ಬಂದ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಅಲ್ಲಿ ನೀರು ಹೇಳುವ ದೂರನ್ನು ನಮ್ಮಲ್ಲಿ ಗಂಡ ಹೇಳುತ್ತಾನೆ. ಹೆಣ್ಣುಮಕ್ಕಳಿಗೆ ಈ ಹಾಡು ಕಲಿಸುವಾಗ ಭಾಗೀರಥಿಯ ಮೌನವನ್ನಷ್ಟೇ ಹೊಗಳಬಾರದು. ಊರಿನ ಮೇಲಿನ ಆ ದೂರನ್ನೂ ಕಲಿಸಬೇಕು.