ಶಾಂಘೈ: ಗೋಪುರಗಳ ಬುಡದಲ್ಲಿ ಏನಿದೆ?

ಚೀನಾದ ಪ್ರಗತಿಯ ಮಾತು ಬಂದಾಗಲೆಲ್ಲ ನಾವು ಕಾಣುವ ಚಿತ್ರ ಬಹುತೇಕ ಒಂದೇ: ಶಾಂಘೈ ನಗರದಲ್ಲಿ ಹುವಾಂಗ್‌ಪು ನದಿಯ ಪೂರ್ವ ದಡದ ಪುಡಾಂಗ್. 1990ರಲ್ಲಿ ಸರಕಾರ ಅದರ ಅಭಿವೃದ್ಧಿ ಯೋಜನೆ ಪ್ರಕಟಿಸುವ ಮುನ್ನ ಅಲ್ಲಿ ಹೊಲಗಳು, ಗೋದಾಮುಗಳು, ದುಡಿಯುವವರ ಮನೆಗಳಿದ್ದವು. ಇಂದು ಅಲ್ಲಿ ಮೂರು ಮಹಾಗೋಪುರಗಳು ಒತ್ತಟ್ಟಿಗೆ ನಿಂತಿವೆ. ದೂರದಿಂದ ನೋಡಿ ಬೆರಗಾಗುವುದು ಸುಲಭ. ಆದರೆ ಕಟ್ಟಡವನ್ನು ಅದರ ತುದಿಯಿಂದಷ್ಟೇ ಅಳೆಯಬಹುದೇ?

ಮೂರರಲ್ಲಿ ನಮಗೆ ಹೆಚ್ಚು ಮೆಚ್ಚಿಗೆಯಾಗುವುದು 1999ರ ಜಿನ್ ಮಾವೊ ಗೋಪುರ. ಅಮೆರಿಕದ ವಾಸ್ತುಶಿಲ್ಪಿ ಏಡ್ರಿಯನ್ ಸ್ಮಿತ್ 88 ಅಂತಸ್ತುಗಳನ್ನು ಬೌದ್ಧ ಪಗೋಡದಂತೆ ಹಂತಹಂತವಾಗಿ ಕಿರಿದಾಗಿಸಿದ್ದಾರೆ. ಆ ನೆಲದ ನೆನಪು ಅದರಲ್ಲಿದೆ. 2008ರಲ್ಲಿ ಪೂರ್ಣಗೊಂಡ, 492 ಮೀಟರ್ ಎತ್ತರದ ವರ್ಲ್ಡ್ ಫೈನಾನ್ಷಿಯಲ್ ಸೆಂಟರ್‌ನ ಮೊದಲ ನಕ್ಷೆಯಲ್ಲಿ ತುದಿಗೆ ದುಂಡನೆಯ ಕಿಂಡಿಯಿತ್ತು. ಕಟ್ಟಿಸುತ್ತಿದ್ದುದು ಜಪಾನಿ ಕಂಪೆನಿ. ಕಿಂಡಿಯಲ್ಲಿ ಜಪಾನಿನ ಧ್ವಜದ ಸೂರ್ಯ ಕಾಣುತ್ತಾನೆಂಬ ಆಕ್ಷೇಪ ಎದ್ದ ಮೇಲೆ ಅದು ನಾಲ್ಕು ಮೂಲೆಯದಾಯಿತು. 2015ರಲ್ಲಿ ಮುಗಿದ 632 ಮೀಟರಿನ ಶಾಂಘೈ ಟವರ್ ಗಾಳಿಯ ಹೊಡೆತ ತಗ್ಗಿಸಲೆಂದು ತಿರುಚಿಕೊಂಡು ಮೇಲೇರುತ್ತದೆ. ಜಾಣ್ಮೆಗೆ ಇಲ್ಲಿ ಕೊರತೆಯಿಲ್ಲ.

ಕೊರತೆಯಿರುವುದು ಬುಡದಲ್ಲಿ. ಈ ಗೋಪುರಗಳು ಪರಸ್ಪರ ಪೈಪೋಟಿಗೆ ನಿಂತಿವೆಯೇ ಹೊರತು ನೆರೆಹೊರೆಯಾಗಿಲ್ಲ. ಸಮೀಪದಲ್ಲಿ ಹಾದುಹೋಗುವ ಸೆಂಚುರಿ ಅವೆನ್ಯೂ 100 ಮೀಟರ್ ಅಗಲ. ನಡೆದು ಹೋಗುವವರಿಗಾಗಿ ಕಡೆಗೆ ರಸ್ತೆಯ ಮೇಲೆ ವೃತ್ತಾಕಾರದ ಸೇತುವೆಯನ್ನೇ ಕಟ್ಟಬೇಕಾಯಿತು. ಕಾಲ್ನಡಿಗೆಯವನನ್ನು ಕೊನೆಗೆ ನೆನೆದ ಯೋಜನೆಯಿದು.

ನದಿಯ ಪಶ್ಚಿಮ ದಡದ ಹಳೆಯ ಶಾಂಘೈ ಹಾಗಿರಲಿಲ್ಲ. ಕಲ್ಲಿನ ಬಾಗಿಲುವಾಡದ ಶಿಕುಮೆನ್ ಸಾಲುಮನೆಗಳ ಓಣಿಗಳಲ್ಲಿ ಬಟ್ಟೆ ಒಣಗುತ್ತಿತ್ತು, ಮಕ್ಕಳು ಆಡುತ್ತಿದ್ದರು, ನೆರೆಯವರು ಮಾತಿಗೆ ಕೂರುತ್ತಿದ್ದರು. ಆ ಬದುಕನ್ನು ನಾವು ಸ್ವರ್ಗವೆನ್ನುವುದಿಲ್ಲ. ಒಂದೇ ಮನೆಯಲ್ಲಿ ಹಲವು ಕುಟುಂಬಗಳು, ಹಂಚಿಕೊಂಡ ಅಡುಗೆಮನೆ, ಎಷ್ಟೋ ಕಡೆ ಶೌಚಾಲಯವೇ ಇಲ್ಲ. ಹೊರವಲಯದ ಹೊಸ ಫ್ಲ್ಯಾಟು ಅನೇಕರಿಗೆ ನೆಮ್ಮದಿ ತಂದದ್ದೂ ನಿಜ. ಆದರೆ ಸೌಕರ್ಯಕ್ಕಾಗಿ ನೆರೆಹೊರೆಯನ್ನೇ ತೆರಬೇಕಿತ್ತೇ? 2001ರಲ್ಲಿ ತೆರೆದ ಶಿನ್‌ಟಿಯಾಂಡಿಯಲ್ಲಿ ಇಂಥ ಓಣಿಯನ್ನು ಅಂದವಾಗಿ ಉಳಿಸಿಕೊಂಡು ಹೋಟೆಲು, ಅಂಗಡಿಗಳನ್ನು ತುಂಬಿದರು. ಗೋಡೆಗಳು ಉಳಿದವು, ಬಾಳುತ್ತಿದ್ದವರು ಉಳಿಯಲಿಲ್ಲ.

2021ರಲ್ಲಿ ಚೀನಾ ಸರಕಾರ 500 ಮೀಟರಿಗಿಂತ ಎತ್ತರದ ಹೊಸ ಕಟ್ಟಡಗಳಿಗೆ ತಡೆಯೊಡ್ಡಿತು. ಎತ್ತರಕ್ಕೂ ಮಿತಿ ಬೇಕೆಂದು ಒಪ್ಪಿಕೊಂಡದ್ದು ಒಳ್ಳೆಯದೇ. ಆದರೆ ಮೀಟರುಗಳನ್ನು ಮಿತಗೊಳಿಸಿದ ಮಾತ್ರಕ್ಕೆ ನಗರ ಮನುಷ್ಯರದಾಗದು. ಓಣಿಯನ್ನು ಕೆಡವುವ ಮುನ್ನ ಅಲ್ಲಿ ಬಾಳುವವರನ್ನು ಕೇಳುವ ನಗರವೇ ನಿಜಕ್ಕೂ ಎತ್ತರದ್ದು.