ಅಂಗೈ ಅಗಲದ ಕಣಿವೆ

ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1813 ಮತ್ತು 1814ರಲ್ಲಿ ಜೇಬಿನಲ್ಲಿಟ್ಟುಕೊಂಡು ತಿರುಗಿದ ಎರಡು ಸ್ಕೆಚ್‌ಬುಕ್‌ಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಪುಟಗಳು ಅಂಗೈಯಷ್ಟೇ. ಒಳಗಿರುವುದು ಬಹುಪಾಲು ಪೆನ್ಸಿಲ್ ಕೆಲಸ: ಸಫೋಕ್ ಸೀಮೆಯ ಸ್ಟೌರ್ ನದಿ, ದಂಡೆಯ ಹಿಟ್ಟಿನ ಗಿರಣಿ, ಡೆಡ್‌ಹ್ಯಾಮ್ ಚರ್ಚಿನ ಗೋಪುರ, ಉಳುವವರು, ದೋಣಿಗಳು. 1813ರ ಪುಸ್ತಕದಲ್ಲಂತೂ ಒಂದೇ ಪುಟದಲ್ಲಿ ಎರಡು ಮೂರು ನೋಟಗಳು ಒತ್ತಿಕೊಂಡು ಕೂತಿವೆ. ಅವನ ಆರಡಿ ಅಗಲದ ಪ್ರಸಿದ್ಧ ತೈಲಚಿತ್ರಗಳಿಗಿಂತ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಈ ಪುಟಗಳೇ.

ಇಂಥ ಚಿತ್ರಗಳನ್ನು ಹೊಗಳುವಾಗ ಕೈಯ ವೇಗದ ಮಾತು ಮೊದಲು ಬರುತ್ತದೆ. ಆದರೆ ಬರಿಯ ವೇಗಕ್ಕೆ ಅಷ್ಟು ಬೆಲೆಯಿಲ್ಲ. ಬೇಗ ಗೀಚಿದ ಎಷ್ಟೋ ಗುಡ್ಡ, ಎಷ್ಟೋ ಮರ ಎಲ್ಲಿಯವೂ ಆಗದೆ ಉಳಿಯುತ್ತವೆ. ಕಾನ್‌ಸ್ಟೆಬಲ್ ಹುಟ್ಟಿ ಬೆಳೆದದ್ದು ಇದೇ ಕಣಿವೆಯ ಈಸ್ಟ್ ಬರ್ಗೋಲ್ಟ್‌ನಲ್ಲಿ; ಫ್ಲ್ಯಾಟ್‌ಫರ್ಡ್‌ನ ಗಿರಣಿ ಅವನ ತಂದೆಯದು. ನೀರು ಎಲ್ಲಿ ತಿರುಗುತ್ತದೆ, ಯಾವ ಮರ ಯಾವ ಕಡೆ ವಾಲಿದೆ ಎಂಬುದನ್ನು ಅವನು ಹೊಸದಾಗಿ ಕಲಿಯಬೇಕಿರಲಿಲ್ಲ. ಆದ್ದರಿಂದಲೇ ಬಿಡುವುದು ಅವನಿಗೆ ಸಾಧ್ಯವಾಯಿತು. ಎಲೆಗಳನ್ನು ಬಿಟ್ಟ, ಮರದ ಭಾರವನ್ನು ಉಳಿಸಿಕೊಂಡ. ದೂರದ ಗೋಪುರಕ್ಕೆ ಒಂದು ಸಣ್ಣ ಗೀಟು ಸಾಕಾಯಿತು, ಏಕೆಂದರೆ ಅದು ನಿಲ್ಲಬೇಕಾದ ಜಾಗ ಅವನಿಗೆ ಖಚಿತವಾಗಿ ಗೊತ್ತಿತ್ತು. ನೋಡುವ ನಮಗೆ ಸಿಗುವ ಸುಖವೂ ಇದರದೇ: ಏನನ್ನು ಇಡಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನ ನಮ್ಮ ಕಣ್ಣೆದುರೇ ನಡೆಯುತ್ತದೆ. ಮುಗಿದ ತೈಲಚಿತ್ರದಲ್ಲಿ ಅದೇ ತೀರ್ಮಾನದ ಮೇಲೆ ಬಣ್ಣ ಕೂತುಬಿಟ್ಟಿರುತ್ತದೆ.

ಅವನ ಸಮಕಾಲೀನ ಚಿತ್ರಕಾರ ಟರ್ನರ್‌ನ ಸ್ಕೆಚ್‌ಬುಕ್‌ಗಳೇ ಬೇರೆ. ಅವನು ಬಿಟ್ಟುಹೋದವು ಸುಮಾರು 300. 1819ರಲ್ಲಿ ನೇಪಲ್ಸ್‌ನಲ್ಲಿದ್ದಾಗ, ಬಯಲಲ್ಲಿ ಕೂತು ಒಂದಕ್ಕೆ ಬಣ್ಣ ಹಾಕುವಷ್ಟರಲ್ಲಿ ಹದಿನೈದು ಹದಿನಾರು ಪೆನ್ಸಿಲ್ ಚಿತ್ರ ಮಾಡಬಹುದು ಎಂದಿದ್ದನಂತೆ. ಅದು ಪ್ರಯಾಣಿಕನ ಲೆಕ್ಕ. ಗಾಡಿ ಹೊರಡುವ ಮುನ್ನ ಊರಿನ ರೂಪರೇಖೆ ಕೈಗೆ ಸಿಗಬೇಕು, ಚಿತ್ರ ಆಮೇಲೆ ಸ್ಟುಡಿಯೋದಲ್ಲಿ. ಅವುಗಳಲ್ಲಿ ಬೆರಗಾಗುವಂಥವು ಬಹಳ ಇವೆ. ಆದರೂ ಪುಟದ ಮೇಲೆ ಪುಟ ತಿರುಗಿಸಿದರೆ ಎಷ್ಟೋ ಕಡೆ ಕಾಣುವುದು ಮಾಹಿತಿ ಮಾತ್ರ. ಕಾನ್‌ಸ್ಟೆಬಲ್‌ನ ಸಣ್ಣ ಪುಟ ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ.

ಒಂದು ಪುಟವನ್ನೇ ನೋಡೋಣ. 1814ರ ಸೆಪ್ಟೆಂಬರ್ 7ರಂದು ಅವನು ಫ್ಲ್ಯಾಟ್‌ಫರ್ಡ್‌ನಲ್ಲಿ ತಂದೆಯ ದೋಣಿಕಟ್ಟೆಯ ಬಳಿ ಕೂತು, ಕಟ್ಟುತ್ತಿದ್ದ ದೋಣಿಯೊಂದನ್ನು ಬರೆದ. ಅದೇ ನೋಟ ತೈಲಚಿತ್ರವಾಗಿ 1815ರಲ್ಲಿ ರಾಯಲ್ ಅಕಾಡೆಮಿಯ ಪ್ರದರ್ಶನಕ್ಕೆ ಹೋಯಿತು. ದೋಣಿ ಇರುವ ಜಾಗ, ಅದರ ಓರೆ, ಹಿಂದಿನ ಮರಗಳು ಹೆಚ್ಚು ಬದಲಾಗಿಲ್ಲ. ತೈಲಚಿತ್ರದಲ್ಲಿ ಕೆಲಸಗಾರರು, ಉಪಕರಣಗಳು, ಹೊಗೆಯಾಡುವ ಡಾಂಬರಿನ ಕಡಾಯಿ ಎಲ್ಲ ಸ್ಪಷ್ಟ. ದೋಣಿ ಕಟ್ಟುವ ಕಸುಬನ್ನು ಅರಿಯಲು ಅದೇ ಒಳ್ಳೆಯದು, ಅದನ್ನು ಒಪ್ಪಲೇಬೇಕು. ಪೆನ್ಸಿಲ್ ಪುಟದಲ್ಲಿ ಮಾತ್ರ ದೋಣಿಯ ಒಡಲು ಇನ್ನೂ ಮರದ್ದೋ ಗಾಳಿಯದ್ದೋ ಎಂಬಂತೆ ಹಗುರವಾಗಿದೆ, ಕಟ್ಟುವ ಕೆಲಸ ಅರ್ಧದಲ್ಲಿದೆ ಎನ್ನುವುದು ಗೀಟಿನಲ್ಲೇ ಇದೆ.

ಈ ಪೆನ್ಸಿಲ್ ಚಿತ್ರಗಳನ್ನು ಪುಸ್ತಕಗಳಲ್ಲಿ ಪುಟ ತುಂಬ ಹಿಗ್ಗಿಸಿ ಅಚ್ಚು ಮಾಡುವುದು ನನಗೆ ಸರಿಕಾಣುವುದಿಲ್ಲ. ಗೀಟು ಒರಟಾಗುತ್ತದೆ, ಮಣಿಕಟ್ಟಿನ ಚಲನೆಯನ್ನು ತೋಳಿನ ಬೀಸು ಎಂದು ಓದುವಂತಾಗುತ್ತದೆ. ಇವು ಆಪ್ತ ಗಾತ್ರದವು. 1813ರ ಪುಸ್ತಕವನ್ನು ಕಾನ್‌ಸ್ಟೆಬಲ್ ತನ್ನ ದಿನಚರಿ ಎಂದೇ ಕರೆದು, ಮನೆಯವರ ವಿರೋಧದಿಂದ ಮದುವೆಯಾಗಲಾರದೆ ದೂರವಿದ್ದ ಪ್ರೇಯಸಿ ಮರಿಯಾಳಿಗೆ ಅದರ ಬಗ್ಗೆ ಬರೆದಿದ್ದ.

ಮುಂದೆ ದೊಡ್ಡ ಕ್ಯಾನ್ವಾಸುಗಳಿಗೆ ಇಳಿದಾಗ ಅವನು ಒಂದು ಅಪರೂಪದ ದಾರಿ ಹಿಡಿದ: ಅಂತಿಮ ಚಿತ್ರದಷ್ಟೇ ದೊಡ್ಡ ಕರಡನ್ನು ಎಣ್ಣೆಬಣ್ಣದಲ್ಲಿ ಮೊದಲು ಮಾಡಿಕೊಂಡ. 1821ರ ‘ದಿ ಹೇ ವೇನ್’ಗೆ ಮಾಡಿದ ಅಂಥ ಕರಡೂ ಈ ಸ್ಕೆಚ್‌ಬುಕ್‌ಗಳಿರುವ ಮ್ಯೂಸಿಯಂನಲ್ಲೇ ಇದೆ. ಅದರ ಬ್ರಷ್ಷಿನ ರಭಸವನ್ನು ಮೆಚ್ಚುವವರು ಬಹಳ, ನಾನೂ ಮೆಚ್ಚುತ್ತೇನೆ. ಆದರೆ ಅದು ಲಂಡನ್ನಿನ ಕೋಣೆಯೊಳಗೆ, ಬೇಕಾದಾಗ ನಿಲ್ಲಿಸಿ ಮತ್ತೆ ಶುರುಮಾಡಬಹುದಾದ ರಭಸ. ನದಿಯ ದಂಡೆಯಲ್ಲಿ, ಬೆಳಕು ಸರಿಯುವುದರೊಳಗೆ ಮುಗಿಸಬೇಕಾದ ಒತ್ತಡ ಆ ಆರಡಿಯಲ್ಲಿ ನನಗೆ ಸಿಕ್ಕಿಲ್ಲ.